ಬಾಕ್ಸ್ ಟ್ರೈನರ್ ಸಾಕಾ, ವಿಆರ್ ಬೇಕಾ?

ಲ್ಯಾಪರೊಸ್ಕೋಪಿ (ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ನೋಡಿ ಮಾಡುವ ಶಸ್ತ್ರಚಿಕಿತ್ಸೆ) ಕಲಿಯಲು ಬಾಕ್ಸ್ ಟ್ರೈನರ್, ಅಂದರೆ ನಿಜವಾದ ಉಪಕರಣ ತೂರಿಸಿ ಅಭ್ಯಾಸ ಮಾಡುವ ಕ್ಯಾಮೆರಾ ಇರುವ ಪೆಟ್ಟಿಗೆ ಸಾಕಾ, ಕಂಪ್ಯೂಟರ್ ದೃಶ್ಯದಲ್ಲಿ ಅಭ್ಯಾಸ ಮಾಡಿಸುವ ವಿಆರ್ (ವರ್ಚುವಲ್ ರಿಯಾಲಿಟಿ) ಸಿಮ್ಯುಲೇಟರೇ ಬೇಕಾ ಅಂತ ಕೇಳಿದ್ದೀರಿ. ಶುರುವಿಗೆ ಬಾಕ್ಸ್ ಧಾರಾಳವಾಗಿ ಸಾಕು.

ಉಪಕರಣ ಹೊಟ್ಟೆಯ ಸಣ್ಣ ರಂಧ್ರದಲ್ಲಿ ತಿರುಗುವುದರಿಂದ ಕೈ ಎಡಕ್ಕೆ ಸರಿದರೆ ಒಳಗಿನ ತುದಿ ಬಲಕ್ಕೆ ಹೋಗುತ್ತದೆ. ಜೊತೆಗೆ ಪರದೆಯ ಚಪ್ಪಟೆ ಚಿತ್ರ ನೋಡಿ ಆಳ ಅಂದಾಜು ಮಾಡಬೇಕು. ಮೊದಲು ಪಳಗಬೇಕಾದದ್ದು ಇವೇ ಅಲ್ವಾ? ಎರಡಕ್ಕೂ ಬಾಕ್ಸ್ ಸಾಕು. ದಾರ ಎಳೆದಾಗಿನ ಬಿಗಿಯೂ ಕೈಗೆ ನಿಜವಾಗಿ ಸಿಗುತ್ತದೆ. ಎಷ್ಟೋ ವಿಆರ್ ಯಂತ್ರಗಳಲ್ಲಿ ಅದೇ ಕಡಿಮೆ.

ಲ್ಯಾಪರೊಸ್ಕೋಪಿಯ ಮೂಲ ಕೌಶಲ ಅಳೆಯುವ ಎಫ್‌ಎಲ್‌ಎಸ್ ಪರೀಕ್ಷೆಯ 5 ಅಭ್ಯಾಸಗಳನ್ನೇ ಹಿಡಿದುಕೊಳ್ಳಿ. ಪೆಗ್ ಟ್ರಾನ್ಸ್‌ಫರ್ ಮೊದಲು: 6 ತುಂಡುಗಳನ್ನು ಒಂದೊಂದಾಗಿ ಎತ್ತಿ, ಗಾಳಿಯಲ್ಲೇ ಇನ್ನೊಂದು ಕೈಯ ಉಪಕರಣಕ್ಕೆ ದಾಟಿಸಿ, ಗೂಟಕ್ಕೆ ಹಾಕಬೇಕು. ಆಮೇಲೆ ಗಾಜ್ (ಗಾಯಕ್ಕೆ ಕಟ್ಟುವ ಜಾಳು ಬಟ್ಟೆ) ಕತ್ತರಿಸುವುದು. ಒಳಗೇ ಗಂಟು ಹಾಕುವ ಹೊಲಿಗೆ ಕೊನೆಗಿರಲಿ, ಅದು ಜಾಸ್ತಿ ಸತಾಯಿಸುತ್ತದೆ.

ವಿಆರ್ ದಂಡ ಅಂತಲ್ಲ. 2002ರಲ್ಲಿ ಪ್ರಕಟವಾದ ಯೇಲ್‌ನ ಅಧ್ಯಯನದಲ್ಲಿ, ವಿಆರ್ ತರಬೇತಿ ಪಡೆದ ರೆಸಿಡೆಂಟ್‌ಗಳು (ಶಸ್ತ್ರಚಿಕಿತ್ಸೆ ಕಲಿಯುತ್ತಿರುವ ವೈದ್ಯರು) ಅದಿಲ್ಲದವರಿಗಿಂತ ಪಿತ್ತಕೋಶ ಬಿಡಿಸುವ ಕೆಲಸವನ್ನು ಶೇ 29ರಷ್ಟು ಬೇಗ ಮುಗಿಸಿದರು, ತಪ್ಪುಗಳೂ ಕಡಿಮೆ. ಕಾಲೇಜಿನ ಸ್ಕಿಲ್ ಲ್ಯಾಬ್‌ನಲ್ಲಿದ್ದರೆ ಖಂಡಿತ ಬಳಸಿ, ಸ್ವಂತಕ್ಕೆ ಕೊಳ್ಳುವುದು ಬೇಡ.

ಇನ್ನೊಂದು, ಸುಮ್ನೆ ಟೈಮರ್ ಹಿಂದೆ ಓಡಬೇಡಿ. ಅಭ್ಯಾಸದ ವಿಡಿಯೊ ಮಾಡಿ ಸೀನಿಯರ್ ಒಬ್ಬರಿಗೆ ತೋರಿಸಿ.