ಅಡ್ಡಿಲ್ಲೆ ಅಂದವರ ಐದು ಮಾರ್ಕು

ಶಿರಸಿಯಲ್ಲಿ ಆಪ್ತಸಲಹೆಗೆ ಕೂತವರ ಹತ್ತಿರ ತೋಟದ ವಿಷಯ ಬರದೇ ಇರುವುದಿಲ್ಲ. ಇಂಥದ್ದು ಮಾತ್ರ ಪದೇ ಪದೇ ಬರುತ್ತಿದೆ, ಹಾಗಾಗಿ ಗುರುತು ಬದಲಿಸಿ ಬರೆಯುತ್ತಿದ್ದೇನೆ.

ಬಂದವರು ಗಂಡ ಹೆಂಡತಿ. ಗಂಡನಿಗೆ ರಾತ್ರಿ ನಿದ್ದೆ ಇಲ್ಲ. ಅಪ್ಪನ ಅಡಿಕೆ ತೋಟ ಏನು ಮಾಡುವುದು ಅಂತ ಬೆಂಗಳೂರಿನ ಅಣ್ಣ, ಹುಬ್ಬಳ್ಳಿಯ ಅಕ್ಕ, ಊರಲ್ಲೇ ಉಳಿದ ತಮ್ಮ ಅಂದರೆ ಇವರು, ಮೂವರೂ ಫೋನಿನಲ್ಲೇ 10ಕ್ಕೆ ಇಷ್ಟು ಅಂತ ಮಾರ್ಕು ಹಾಕಿದ್ದರು. ಅಡಿಕೆ ಚೊಗರಿನ ಕಲೆ ಹೋಗದ ಬೆರಳಲ್ಲಿ ಕಿಸೆಯಿಂದ ಚೀಟಿ ತೆಗೆದು ಟೇಬಲ್ ಮೇಲಿಟ್ಟರು. ಮಾರುವುದಕ್ಕೆ 10, 6, 5. ಫಸಲುಗುತ್ತಿಗೆಗೆ, ಅಂದರೆ ತೋಟ ಇಟ್ಟುಕೊಂಡು ಬೆಳೆಯನ್ನಷ್ಟೇ ಬೇರೆಯವರಿಗೆ ಗುತ್ತಿಗೆ ಕೊಡುವುದಕ್ಕೆ, 2, 8, 5. ತಮ್ಮನೇ ನಡೆಸುವುದಕ್ಕೆ 0, 7, 5. ಕೂಡಿಸಿದರೆ 21, 15, 12. ಮಾರುವುದೇ ಗೆದ್ದಿತ್ತು.

'ಎಲ್ಲ ನ್ಯಾಯವಾಗೇ ಆಗಿದೆ ಮೇಡಂ, ಆದ್ರೂ ನಿದ್ದೆ ಬರೋದಿಲ್ಲ' ಅಂದರು.

ನೀವು ಎಲ್ಲದಕ್ಕೂ ಐದೇ ಯಾಕೆ ಕೊಟ್ಟಿರಿ ಅಂತ ಕೇಳಿದೆ.

'ಅಣ್ಣನ ಎದುರು ಮಾತು ಬೆಳೆಸೋದು ಯಾಕೆ? ಯಾವುದಾದ್ರೂ ಅಡ್ಡಿಲ್ಲೆ ಅಂತ.'

ಅಲ್ಲಿವರೆಗೆ ಸುಮ್ಮನಿದ್ದ ಹೆಂಡತಿ ಕಿಟಕಿ ಕಡೆ ನೋಡುತ್ತಲೇ ಹೇಳಿದರು: 'ಇವರು ಅಡ್ಡಿಲ್ಲೆ ಅಂದ್ರೆ ಅಡ್ಡಿ ಇದ್ದು ಅಂತ್ಲೇ ಅರ್ಥ.'

ಅವರು ತಲೆ ತಗ್ಗಿಸಿದರು. ನಾನು ಪೆನ್ನು ಕೊಟ್ಟೆ. ಮಾರ್ಕು ಬೇಡ, ಯಾವುದು ಮೊದಲು, ಯಾವುದು ಕಡೆಗೆ ಅಷ್ಟೇ ಬರೆಯಿರಿ ಅಂದೆ. ತುಂಬ ಹೊತ್ತು ಹಿಡಿಯಿತು. ನಡೆಸುವುದು, ಗುತ್ತಿಗೆ, ಮಾರುವುದು.

ಈಗ ನೋಡಿ. ಅಕ್ಕನಿಗೂ ಮಾರುವುದು ಕಡೆಯದ್ದೇ, ಇವರಿಗೂ ಅದೇ. ಮೂವರಲ್ಲಿ ಇಬ್ಬರು ಕಡೆಗಿಟ್ಟದ್ದು ಮೊದಲು ಬಂದಿತ್ತು! ಎಲ್ಲದಕ್ಕೂ ಐದು ಕೊಡುವುದೂ ಮಾರ್ಕೇ ಕೊಡದಿರುವುದೂ ಒಂದೇ, ಯಾವುದೂ ಹಿಂದೆ ಮುಂದೆ ಆಗುವುದಿಲ್ಲ. 10 ಮತ್ತು 0 ಹಾಕಿದವರ ಕೈಯೇ ಮೇಲಾಗುತ್ತದೆ. ಮೊದಲ ಸ್ಥಾನಕ್ಕೆ 2, ಎರಡನೆಯದಕ್ಕೆ 1, ಕಡೆಯದಕ್ಕೆ 0 ಅಂತ ಕೂಡಿಸಿದರೆ ಮಾರುವುದಕ್ಕೆ 2, ನಡೆಸುವುದಕ್ಕೆ 3, ಗುತ್ತಿಗೆಗೆ 4. 18ನೇ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಬೋರ್ಡಾ ಹೇಳಿದ ಲೆಕ್ಕ ಇದು.

ಮೂವರೂ ಒಟ್ಟಿಗೆ ಕೂತು, ಹೀಗೆ ಯಾವುದು ಮೊದಲು, ಯಾವುದು ಕಡೆಗೆ ಅಂತ ಮತ್ತೆ ಬರೆಯಿರಿ, ಕೂಡಿಸುವ ಮೊದಲು ಯಾಕೆ ಅಂತ ಹೇಳಿಕೊಳ್ಳಿ ಅಂತ ಸಲಹೆ ಕೊಟ್ಟೆ. ಲೆಕ್ಕ ಮಾಡಿಸುವುದು ನಿನ್ನ ಕೆಲಸವಾ ಅಂತ ಗೆಳತಿಯೊಬ್ಬಳು ಕೇಳಿದಳು. ಹೌದು, ನಿದ್ದೆ ಕೆಡಿಸಿದ್ದೇ ಲೆಕ್ಕ ಆದರೆ ಅದನ್ನೇ ಬಿಚ್ಚಬೇಕು, ಅಲ್ವಾ? ಹಾಗಂತ ಈ ಲೆಕ್ಕವೂ ದೇವರು ಕೊಟ್ಟದ್ದಲ್ಲ. ಮೂರು ಅಥವಾ ಜಾಸ್ತಿ ಆಯ್ಕೆ ಇದ್ದಾಗ, ಎಲ್ಲರ ಕ್ರಮವನ್ನು ಸೇರಿಸುವ ಯಾವ ವಿಧಾನವೂ ನಾವು ಬಯಸುವ ನ್ಯಾಯದ ಷರತ್ತುಗಳನ್ನೆಲ್ಲ ಒಟ್ಟಿಗೆ ಪಾಲಿಸಲಾರದು ಅಂತ 1951ರಲ್ಲೇ ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ ತೋರಿಸಿದ್ದಾರೆ.

ಕ್ರಮದ ಲೆಕ್ಕದ ಕೊರತೆ ನನಗೆ ಗೊತ್ತಾದದ್ದು ಮುಂದಿನ ಸಲ ಅಣ್ಣನೂ ಬಂದಾಗ. ಅವರ 10 ದುರಾಸೆಯದ್ದಲ್ಲ, ಸಾಲದ್ದು. ಕ್ರಮ ಮಾತ್ರ ಬರೆದರೆ ಆ ಅವಸರವೇ ಅಳಿಸಿಹೋಗುತ್ತದೆ. ಹತ್ತು ಯಾಕೆ ಅಂತ ಅವರನ್ನೂ ಯಾರೂ ಕೇಳಿರಲಿಲ್ಲ. ನಾನೂ ಮೊದಲ ದಿನ ಆ 10 ನೋಡಿ ಮನಸ್ಸಲ್ಲೇ ಬೈದುಕೊಂಡಿದ್ದೆ.

ಈ ವರ್ಷ ಫಸಲುಗುತ್ತಿಗೆಗೆ ಕೊಟ್ಟಿದ್ದಾರೆ. ಮುಂಗಡ ಬಂದ ದುಡ್ಡು ಅಣ್ಣನ ಸಾಲಕ್ಕೆ ಹೋಯಿತು.