ಆ ಬಿಳಿ ಪದರವೇ ನೀವು ಸುರಿದ ಕ್ಯಾಲ್ಸಿಯಂ

ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂಗೆ ಕ್ಯಾಲ್ಸಿಯಂ ದ್ರಾವಣ ಎಷ್ಟು ಸುರಿದರೂ ಅದರ ಮಟ್ಟ 350 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ದಾಟುತ್ತಿಲ್ಲ, ಹೀಟರ್ ಮೇಲೆ ಬಿಳಿ ಪದರ ಕಟ್ಟುತ್ತಿದೆ, ಲೆದರ್ ಹವಳ (ತೊಗಲಿನಂಥ ಮೃದು ಹವಳ) ಮುದುಡಿದೆ ಎಂದು ಕೋಲಾರದಿಂದ ಕೇಳಿದ್ದೀರಿ. ಆ ಪದರವೇ ನಿಮ್ಮ ಕ್ಯಾಲ್ಸಿಯಂ ಸ್ವಾಮಿ, ಎಲ್ಲಿಗೂ ಹೋಗಿಲ್ಲ.

ನೀವು ಕೊಟ್ಟ ಅಂಕಿಗಳನ್ನೇ ನೋಡಿ: ಆಲ್ಕಲಿನಿಟಿ, ಅಂದರೆ ನೀರಿನ ಕಾರ್ಬೊನೇಟ್ ಮಟ್ಟ, 13 ಡಿಕೆಎಚ್ (ಅದರ ಅಳತೆಯ ಮಾನ), ಮೆಗ್ನೀಸಿಯಂ 1050 ಪಿಪಿಎಂ. ಸುಣ್ಣದ ಹರಳು ಬೆಳೆಯದಂತೆ ತಡೆಯುವುದು ಮೆಗ್ನೀಸಿಯಂ. ಅದು ಕಡಿಮೆಯಾಗಿ ಕಾರ್ಬೊನೇಟ್ ಹೆಚ್ಚಾದರೆ ಕ್ಯಾಲ್ಸಿಯಂ ನೀರಿನಲ್ಲಿ ನಿಲ್ಲುವುದಿಲ್ಲ, ಬಿಸಿ ಇರುವ ಕಡೆ ಮೊದಲು ಅಂಟುತ್ತದೆ. ಸದ್ಯಕ್ಕೆ ಕ್ಯಾಲ್ಸಿಯಂ, ಆಲ್ಕಲಿನಿಟಿ ಎರಡೂ ದ್ರಾವಣ ನಿಲ್ಲಿಸಿ. ಮೆಗ್ನೀಸಿಯಂ ಅನ್ನು ಮೂರ್ನಾಲ್ಕು ದಿನಗಳಲ್ಲಿ 1300ಕ್ಕೆ ತನ್ನಿ. ಆಲ್ಕಲಿನಿಟಿ ತಾನಾಗಿಯೇ 8–9ಕ್ಕೆ ಇಳಿಯಲಿ, ಆಮೇಲೆ ಕ್ಯಾಲ್ಸಿಯಂ 420ರ ಹತ್ತಿರ.

13 ಬಂದದ್ದೆಲ್ಲಿಂದ? ಆವಿಯಾದಷ್ಟು ನೀರನ್ನು ಬೋರ್‌ವೆಲ್‌ನಿಂದ ತುಂಬಿಸುತ್ತಿದ್ದೇನೆ ಎಂದಿದ್ದೀರಲ್ಲ. ಬಚ್ಚಲ ಹಂಡೆಯೊಳಗೆ ಕಟ್ಟುವ ಗಟ್ಟಿ ಪದರ ನೆನಪಿಸಿಕೊಳ್ಳಿ. ನೀರು ಆರುತ್ತದೆ, ಲವಣ ಉಳಿಯುತ್ತದೆ. ಚಿಂತಾಮಣಿಯಲ್ಲಿ ನಾನೂ ಒಂದು ಬೇಸಿಗೆ ಇದೇ ತಪ್ಪು ಮಾಡಿ ಪಂಪ್ ಜಾಮ್ ಮಾಡಿಕೊಂಡೆ. ಅಡುಗೆಮನೆಯ ಆರ್‌ಒ ನೀರನ್ನೂ ಕಣ್ಣುಮುಚ್ಚಿ ನಂಬಬೇಡಿ. ರುಚಿಗೆಂದು ಕೆಲವು ಯಂತ್ರಗಳು ಸ್ವಲ್ಪ ಶೋಧಿಸದ ನೀರನ್ನು ಮತ್ತೆ ಬೆರೆಸುತ್ತವೆ. ಆರ್‌ಒ ನಂತರ ಉಳಿದ ಲವಣವನ್ನೂ ಹೀರುವ ಡಿಐ ರಾಳದ ಡಬ್ಬಿ ಹಾಕಿಸಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು.

ಹೀಟರ್ ಬಿಚ್ಚಿ ಬಿಳಿ ವಿನೆಗರ್‌ನಲ್ಲಿ ನೆನೆಸಿ, ಸ್ವಿಚ್ ಆರಿಸಿ, ತಣ್ಣಗಾದ ಮೇಲೆ. ಲೆದರ್ ಹವಳ ಮೇಣದಂಥ ಪೊರೆ ಕಳಚಲು ಆಗಾಗ ಕೆಲವು ದಿನ ಮುಚ್ಚಿಕೊಳ್ಳುತ್ತದೆ. ಪೊರೆ ಹೊಳೆಯುತ್ತಿದ್ದರೆ ಅದರ ಮೇಲೆ ನೀರಿನ ಹರಿವು ಹೆಚ್ಚಿಸಿ, ಕೈಯಿಂದ ಕೆರೆಯಬೇಡಿ.