ಓದುಗರ ಪ್ರಶ್ನೆಗಳು: ರಿಲೇಯ ‘ಟಕ್’ ಸದ್ದಿನಿಂದ ಕನ್ನಡ ಎಸ್‌ಎಂಎಸ್‌ವರೆಗೆ

ಪ್ರಶ್ನೆ: ವಿಜ್ಞಾನ ವಸ್ತುಪ್ರದರ್ಶನಕ್ಕೆ ನಮ್ಮ ಮಕ್ಕಳು ಎರಡು 12 ವೋಲ್ಟ್ ರಿಲೇ ಬಳಸಿ ‘ಕೂಡುವ ಯಂತ್ರ’ ಮಾಡಿದ್ದಾರೆ. ಒಂದು ಗುಂಡಿ ಒತ್ತಿದರೆ ದೀಪ ಆರುತ್ತದೆ, ಎರಡನ್ನೂ ಒತ್ತಿದರೆ ಅಥವಾ ಎರಡನ್ನೂ ಬಿಟ್ಟರೆ ಉರಿಯುತ್ತದೆ. ಇದಲ್ಲದೆ 9 ವೋಲ್ಟ್ ಬ್ಯಾಟರಿಯಲ್ಲಿ ಎರಡನೇ ರಿಲೇ ಒಮ್ಮೊಮ್ಮೆ ಎಳೆಯುವುದೇ ಇಲ್ಲ. ಅಡಾಪ್ಟರ್ ಹಾಕಿ ನೋಡೋಣವೆಂದರೆ ಅದು ಸುಟ್ಟೇಹೋಯಿತು. ಏನು ತಪ್ಪಾಗಿದೆ?
— ಪ್ರೌಢಶಾಲಾ ಶಿಕ್ಷಕಿ, ಸಕಲೇಶಪುರ

ಉತ್ತರ: ಮೂರು ತಪ್ಪುಗಳಿವೆ, ಮೂರೂ ಸರಿಹೋಗುವಂಥವು.

ಮನೆಯ ಮೆಟ್ಟಿಲ ದೀಪಕ್ಕೆ ಕೆಳಗೊಂದು, ಮೇಲೊಂದು ಟೂ-ವೇ ಸ್ವಿಚ್ ಇರುತ್ತದಲ್ಲ, ನಿಮ್ಮ ಮಕ್ಕಳು ಕಟ್ಟಿರುವುದು ಅದನ್ನೇ. ರಿಲೇ ಎಂದರೆ ಒಳಗಿನ ಸುರುಳಿಗೆ (ಕಾಯಿಲ್) ಕರೆಂಟ್ ಕೊಟ್ಟಾಗ ಎಳೆದುಕೊಂಡು ಬದಲಾಗುವ ಸ್ವಿಚ್. ಸುರುಳಿಯ ಎರಡು ಕಾಲು ಬಿಟ್ಟು ಅದಕ್ಕೆ ಇನ್ನೂ ಮೂರು ಕಾಲು: ಕಾಮನ್, ಸುಮ್ಮನಿದ್ದಾಗ ಕಾಮನ್‌ಗೆ ತಾಗಿರುವ ಎನ್‌ಸಿ, ಎಳೆದಾಗ ತಾಗುವ ಎನ್‌ಒ. ನೀವು ಎನ್‌ಸಿಯನ್ನು ಎನ್‌ಸಿಗೆ, ಎನ್‌ಒವನ್ನು ಎನ್‌ಒಗೆ ನೇರವಾಗಿ ಜೋಡಿಸಿದ್ದೀರಿ. ಹಾಗಾಗಿ ಎರಡೂ ಒಂದೇ ಸ್ಥಿತಿಯಲ್ಲಿದ್ದಾಗ ದೀಪ ಉರಿಯುತ್ತದೆ. ಈ ಎರಡು ತಂತಿಗಳನ್ನು ಅಡ್ಡ ಬದಲಿಸಿ: ಮೊದಲ ರಿಲೇಯ ಎನ್‌ಸಿ ಎರಡನೆಯದರ ಎನ್‌ಒಗೆ, ಮೊದಲನೆಯದರ ಎನ್‌ಒ ಎರಡನೆಯದರ ಎನ್‌ಸಿಗೆ. ಮೊದಲ ಕಾಮನ್‌ಗೆ ಪ್ಲಸ್, ಎರಡನೇ ಕಾಮನ್‌ನಿಂದ ದೀಪಕ್ಕೆ. ಈಗ ಒಂದೇ ಒಂದು ಗುಂಡಿ ಒತ್ತಿದಾಗ ಮಾತ್ರ ದೀಪ ಉರಿಯುತ್ತದೆ. 0+1 ಮತ್ತು 1+0 ಎರಡಕ್ಕೂ ಉತ್ತರ 1.

1+1 ಬಂದಾಗ ‘ಕೈಲೊಂದು’ ತೋರಿಸಲು ಇನ್ನೊಂದು ದೀಪ ಬೇಕು. ಅದಕ್ಕೆ ಎಂಟು ಕಾಲಿನ, ಎರಡು ಜೊತೆ ಕಾಂಟ್ಯಾಕ್ಟ್ ಇರುವ ರಿಲೇ ತನ್ನಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ನೀಲಿ ಡಬ್ಬದ ಐದು ಕಾಲಿನ ರಿಲೇಯಲ್ಲಿ ಒಂದೇ ಜೊತೆ ಇರುತ್ತದೆ, ಅದು ಸಾಲದು. ಎರಡನೇ ಜೊತೆಯಲ್ಲಿ ಪ್ಲಸ್‌ನಿಂದ ಮೊದಲ ಕಾಮನ್, ಅದರ ಎನ್‌ಒದಿಂದ ಎರಡನೇ ಕಾಮನ್, ಅದರ ಎನ್‌ಒದಿಂದ ದೀಪ. ಎಲ್‌ಇಡಿ ಬಳಸುವುದಾದರೆ ಪ್ರತಿಯೊಂದಕ್ಕೂ 1 ಕಿಲೋಓಮ್ ರೆಸಿಸ್ಟರ್ ಸರಣಿಯಲ್ಲಿರಲಿ, ಸುಮಾರು 10 ಮಿಲಿಆಂಪಿಯರ್ ಹರಿಯುತ್ತದೆ. ಬೆಸುಗೆ ಹಾಕುವ ಮೊದಲು ಯಾವ ಕಾಲು ಯಾವುದೆಂದು ಮಲ್ಟಿಮೀಟರ್‌ನ ಬೀಪ್ ಇಟ್ಟು ನೋಡಿಕೊಳ್ಳಿ.

ಇನ್ನು ಬ್ಯಾಟರಿ. 12 ವೋಲ್ಟ್ ರಿಲೇ ಎಳೆಯಲು ಸಾಮಾನ್ಯವಾಗಿ ಅದರ ಮುಕ್ಕಾಲು ಭಾಗ, ಎಂದರೆ 9 ವೋಲ್ಟ್ ಆದರೂ ಬೇಕು. ಚಿಕ್ಕ 9 ವೋಲ್ಟ್ ಬ್ಯಾಟರಿಯ ಒಳರೋಧ ಹೆಚ್ಚು. ಒಂದು ಕಾಯಿಲ್ ಕರೆಂಟ್ ಎಳೆಯುತ್ತಿದ್ದಂತೆ ವೋಲ್ಟೇಜ್ ಕುಸಿಯುತ್ತದೆ, ಎರಡನೆಯದಕ್ಕೆ ಸಾಲುವುದಿಲ್ಲ. ಮೊದಲನೆಯದು ಮಾತ್ರ ಬಿಡದೆ ಹಿಡಿದುಕೊಂಡಿರುತ್ತದೆ, ಏಕೆಂದರೆ ಎಳೆಯಲು ಬೇಕಾದಷ್ಟು ವೋಲ್ಟೇಜ್ ಹಿಡಿದಿಡಲು ಬೇಡ. ಆದ್ದರಿಂದ 12 ವೋಲ್ಟ್, 1 ಆಂಪಿಯರ್ ಅಡಾಪ್ಟರೇ ಸರಿ. ಅದು ಸುಟ್ಟಿದ್ದು ಬಹುಶಃ ಕಾಯಿಲ್‌ಗೆ ಅಡ್ಡ ಹಾಕಿದ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ತಿರುಗುಮುರುಗಾಗಿ, ಕರೆಂಟೆಲ್ಲ ಅದರಲ್ಲೇ ಶಾರ್ಟ್ ಆಗಿ. 1ಎನ್4007 ಡಯೋಡಿನ ಬೆಳ್ಳಿ ಪಟ್ಟಿಯಿರುವ ತುದಿ ಪ್ಲಸ್ ಕಡೆಗಿರಬೇಕು. ಹಾಗೆಂದು ಡಯೋಡನ್ನೇ ಬಿಡಬೇಡಿ. ಕರೆಂಟ್ ಕಡಿದ ಕ್ಷಣ ಕಾಯಿಲ್ ಉಲ್ಟಾ ಒದೆಯುತ್ತದೆ, ಆ ಕಿಡಿಗೆ ಗುಂಡಿಯ ಕಾಂಟ್ಯಾಕ್ಟ್ ಕಪ್ಪಾಗುತ್ತದೆ.

ಎರಡೂ ಗುಂಡಿ ಒಟ್ಟಿಗೆ ಒತ್ತಿದಾಗ ಮೊದಲ ದೀಪ ಒಮ್ಮೆ ಮಿಣುಕಬಹುದು. ಅದು ತಪ್ಪಲ್ಲ. ರಿಲೇ ಎಳೆಯಲು ಕೆಲವು ಮಿಲಿಸೆಕೆಂಡ್ ಹಿಡಿಯುತ್ತದೆ, ಎರಡೂ ಒಂದೇ ಕ್ಷಣಕ್ಕೆ ಎಳೆಯುವುದಿಲ್ಲ. ಉತ್ತರ ನೆಲೆಗೊಳ್ಳುವವರೆಗೆ ಕಾಯಬೇಕಾದ ಈ ತೊಂದರೆ ಇಂದಿನ ಚಿಪ್‌ಗಳಲ್ಲೂ ಇದೆ, ಹೆಜ್ಜೆ ಹೆಜ್ಜೆಗೂ ತಾಳ ಹಾಕುವ ಕ್ಲಾಕ್ ಅವುಗಳಲ್ಲಿ ಇರುವುದರ ಒಂದು ಕಾರಣ ಇದೇ. ಮಕ್ಕಳಿಗೆ ಇದನ್ನು ತಪ್ಪದೆ ತೋರಿಸಿ.

ಅಮೆರಿಕದ ಬೆಲ್ ಪ್ರಯೋಗಾಲಯದ ಜಾರ್ಜ್ ಸ್ಟಿಬಿಟ್ಜ್ 1937ರಲ್ಲಿ ಮನೆಯ ಅಡುಗೆಮೇಜಿನ ಮೇಲೆ ಕಟ್ಟಿದ್ದೂ ಇಂಥದ್ದೇ: ರಿಲೇ, ಟಾರ್ಚ್ ಬಲ್ಬು, ತಂಬಾಕು ಡಬ್ಬಿಯ ತಗಡಿನ ಪಟ್ಟಿ. ಅದೇ ವರ್ಷ ಕ್ಲಾಡ್ ಶಾನನ್ ತಮ್ಮ ಪ್ರಬಂಧದಲ್ಲಿ ರಿಲೇಗಳ ಜೋಡಣೆ ಮತ್ತು ಜಾರ್ಜ್ ಬೂಲ್‌ರ ತರ್ಕದ ಬೀಜಗಣಿತ ಒಂದೇ ಎಂದು ತೋರಿಸಿಕೊಟ್ಟರು. ನಿಮ್ಮ ಫಲಕದ ಮೇಲೆ ಈ ಎರಡು ಹೆಸರುಗಳಿರಲಿ.

ಪ್ರಶ್ನೆ: ತೋಟದ ಹಳೆಯ ಬಂಗಲೆಯ ಅಟ್ಟದಲ್ಲಿ ಹಿತ್ತಾಳೆಯ ತಂತಿ (ಟೆಲಿಗ್ರಾಫ್) ಯಂತ್ರ ಸಿಕ್ಕಿದೆ. ಎರಡು ಸುರುಳಿ, ಮೇಲೊಂದು ಸನ್ನೆ. ಪೂರ್ತಿ ಕಿಲುಬು ಹಿಡಿದಿದೆ. ಬ್ಯಾಟರಿ ಕೊಟ್ಟು ನೋಡಬಹುದೇ?
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಈಗಲೇ ಬೇಡ. ಹಳೆಯ ಸುರುಳಿಗಳಲ್ಲಿ ತಂತಿಗೆ ಹತ್ತಿ ಅಥವಾ ರೇಷ್ಮೆಯ ನೂಲು ಸುತ್ತಿರುತ್ತದೆ. ನಿಮ್ಮ ಕಡೆಯ ಮಳೆಗಾಲದಲ್ಲಿ ಅದು ನೀರು ಹೀರಿ ಕೂತಿರುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ 40 ವಾಟ್ ಬಲ್ಬ್ ಉರಿಸಿ, ಬಲ್ಬಿಗೆ ತಾಗದಂತೆ ಎರಡು ಮೂರು ದಿನ ಒಣಗಿಸಿ. ಬಳಿಕ ಸುರುಳಿಯ ತುದಿ ಮತ್ತು ಹಿತ್ತಾಳೆ ಚೌಕಟ್ಟಿನ ನಡುವೆ ಮಲ್ಟಿಮೀಟರ್ ಇಡಿ. ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ತೇವ ಇನ್ನೂ ಇದೆ.

ಆಮೇಲೆ ಸುರುಳಿಯ ಎರಡು ತುದಿಗಳ ನಡುವಿನ ರೋಧ ಅಳೆಯಿರಿ. ಕೆಲವೇ ಓಮ್ ಇದ್ದರೆ ಅದು ಕಚೇರಿಯೊಳಗಿನ ಬ್ಯಾಟರಿಯಿಂದ ಓಡುತ್ತಿದ್ದ ಸದ್ದಿನ ಯಂತ್ರ. ನೂರು ಓಮ್ ದಾಟಿದರೆ ನೇರ ಲೈನಿಗೆ ಕೂರಿಸುತ್ತಿದ್ದ ಯಂತ್ರ ಅಥವಾ ರಿಲೇ. 4 ಓಮ್ ಇದ್ದರೆ ಒಂದೇ ಒಂದು 1.5 ವೋಲ್ಟ್ ಸೆಲ್ ಸಾಕು, 12 ವೋಲ್ಟ್ ಕೊಟ್ಟರೆ 3 ಆಂಪಿಯರ್ ಹರಿದು ನೂಲು ಸುಟ್ಟೀತು. ಸನ್ನೆಗೂ ಕಬ್ಬಿಣದ ತುದಿಗೂ ನಡುವೆ ಪೋಸ್ಟ್‌ಕಾರ್ಡಿನ ದಪ್ಪದಷ್ಟು ಸಂದು ಇರಲಿ. ಮುಟ್ಟಿಯೇಬಿಟ್ಟರೆ ಕಬ್ಬಿಣದಲ್ಲಿ ಉಳಿದ ಕಾಂತತ್ವ ಸನ್ನೆಯನ್ನು ಬಿಡುವುದಿಲ್ಲ. ಕಾಂಟ್ಯಾಕ್ಟಿಗೆ ಮರಳು ಕಾಗದ ಹಾಕಲೇಬೇಡಿ, ಅದು ಬೆಳ್ಳಿ ಅಥವಾ ಪ್ಲಾಟಿನಂ ಇರಬಹುದು. ಬಿಳಿ ಕಾಗದದ ಪಟ್ಟಿಯನ್ನು ಮಧ್ಯೆ ಸಿಕ್ಕಿಸಿ ಎಳೆದರೆ ಸಾಕು.

ರಿಲೇ ಯಾಕೆ ಬೇಕಾಯಿತು ಎಂಬುದು ಮಲೆನಾಡಿನವರಿಗೆ ಬೇಗ ತಿಳಿಯುತ್ತದೆ. ಕಬ್ಬಿಣದ ತಂತಿಯ ರೋಧ ಮೊದಲೇ ಹೆಚ್ಚು. ಅದರ ಮೇಲೆ ಮಳೆ ಬಂದರೆ ಪ್ರತಿ ಕಂಬದ ಪಿಂಗಾಣಿ ಮೇಲೂ ಒಂದಿಷ್ಟು ಕರೆಂಟ್ ನೆಲಕ್ಕೆ ಸೋರುತ್ತದೆ. ತುದಿ ತಲುಪುವ ಕರೆಂಟಿಗೆ ಭಾರದ ಸನ್ನೆ ಬಡಿಯುವ ಶಕ್ತಿ ಇರುವುದಿಲ್ಲ, ಒಂದು ಹಗುರ ಸ್ವಿಚ್ ಮುಚ್ಚುವಷ್ಟು ಮಾತ್ರ ಉಳಿದಿರುತ್ತದೆ. ಆ ಸ್ವಿಚ್ ಅಲ್ಲಿಯ ಬ್ಯಾಟರಿಯಿಂದ ಹೊಸ ಕರೆಂಟ್ ಹರಿಸುತ್ತದೆ. 1830ರ ದಶಕದಲ್ಲಿ ಜೋಸೆಫ್ ಹೆನ್ರಿ ಮಾಡಿ ತೋರಿಸಿದ ಉಪಾಯವಿದು. ದಾರಿಯಲ್ಲಿ ದಣಿದ ಕುದುರೆ ಬಿಟ್ಟು ಹೊಸದನ್ನು ಕಟ್ಟುವುದಕ್ಕಿದ್ದ ಹೆಸರೇ ‘ರಿಲೇ’. ಕರೆಂಟಿನಿಂದ ಕರೆಂಟನ್ನು ತೆರೆದು ಮುಚ್ಚುವ ಇದೇ ಕೆಲಸವನ್ನು ಮುಂದೆ ವಾಲ್ವು (ಗಾಜಿನ ನಿರ್ವಾತ ನಳಿಕೆ), ಆಮೇಲೆ 1947ರಲ್ಲಿ ಬಂದ ಟ್ರಾನ್ಸಿಸ್ಟರು ವಹಿಸಿಕೊಂಡವು.

ಪ್ರಶ್ನೆ: ಮೊದಲ ಕಂಪ್ಯೂಟರ್ ಯಾವುದು? ಕ್ವಿಜ್ ಪುಸ್ತಕಗಳಲ್ಲಿ ಒಂದೊಂದರಲ್ಲಿ ಒಂದೊಂದು ಉತ್ತರವಿದೆ.
— ವಿದ್ಯಾರ್ಥಿ, ಕಡೂರು

ಉತ್ತರ: ಪ್ರಶ್ನೆಯೇ ಅರ್ಧ. ಕ್ರಮವಿಧಿಯಂತೆ ನಡೆಯುವ, ನಿಜವಾಗಿ ಓಡಿದ ಯಂತ್ರ ಎಂದರೆ ಬರ್ಲಿನ್‌ನಲ್ಲಿ 1941ರಲ್ಲಿ ಕೊನ್ರಾಡ್ ಝೂಸ ಮುಗಿಸಿದ ಝಡ್3, ಅದರಲ್ಲಿದ್ದದ್ದು ರಿಲೇಗಳು. ವಾಲ್ವುಗಳದ್ದು ಎಂದರೆ 1944ರ ಕೊಲೋಸಸ್, ಆದರೆ ಅದು ಗುಪ್ತಲಿಪಿ ಒಡೆಯಲಷ್ಟೇ. ಯಾವ ಲೆಕ್ಕಕ್ಕೂ ಒಗ್ಗುವ ಎಲೆಕ್ಟ್ರಾನಿಕ್ ಯಂತ್ರ ಎಂದರೆ 1945ರ ಎನಿಯಾಕ್, ಸುಮಾರು 18,000 ವಾಲ್ವುಗಳದ್ದು. ಬ್ಯಾಬೇಜ್‌ರ ಅನಲಿಟಿಕಲ್ ಎಂಜಿನ್ (19ನೇ ಶತಮಾನದ ಇಂಗ್ಲೆಂಡಿನ ಯಾಂತ್ರಿಕ ಗಣಕದ ಯೋಜನೆ) ಅವರ ಕಾಲದಲ್ಲಿ ಪೂರ್ತಿಯಾಗಲೇ ಇಲ್ಲ.

ಪ್ರಶ್ನೆ: ಹಾಲಿನ ಸಂಘದ ಸದಸ್ಯರಿಗೆ ಕನ್ನಡದಲ್ಲಿ ಎಸ್‌ಎಂಎಸ್ ಕಳಿಸುತ್ತೇವೆ. ಇಂಗ್ಲಿಷಿನಲ್ಲಿ 160 ಅಕ್ಷರ ಒಂದೇ ಸಂದೇಶ, ಕನ್ನಡದಲ್ಲಿ ನೂರು ದಾಟುವ ಮೊದಲೇ ಎರಡು ಸಂದೇಶದ ದುಡ್ಡು. ಕನ್ನಡಕ್ಕೆ ಯಾಕೆ ಈ ದಂಡ?
— ಸಂಘದ ಕಾರ್ಯದರ್ಶಿ, ಹಾಸನ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಇದರ ಬೇರು 1874ರಷ್ಟು ಹಿಂದಿದೆ. ಆಗ ಫ್ರಾನ್ಸಿನ ಎಮಿಲ್ ಬೋದೋ ಪ್ರತಿ ಅಕ್ಷರಕ್ಕೂ ಐದು ‘ಇದೆ–ಇಲ್ಲ’ ಸಂಕೇತ ಗೊತ್ತುಮಾಡಿದರು. ಐದರಿಂದ ಆಗುವುದು 32 ಜೋಡಣೆ. ಇಂಗ್ಲಿಷಿನ 26 ಅಕ್ಷರಕ್ಕೇ ಬಹುಪಾಲು ಮುಗಿಯಿತು. ಅಂಕಿಗಳಿಗೆ ಶಿಫ್ಟ್ ಎಂಬ ಉಪಾಯ ಬಂತು: ‘ಮುಂದಿನವು ಅಂಕಿಗಳು’ ಎಂದು ಒಂದು ಸಂಕೇತ ಹೇಳುತ್ತದೆ, ಅದೇ ಜೋಡಣೆಗಳು ಬೇರೆ ಅರ್ಥ ಪಡೆಯುತ್ತವೆ. ಮುಂದೆ ಬಂದ ಟೆಲಿಪ್ರಿಂಟರಿನಲ್ಲಿ ‘ಮುಂದಿನವು ಅಕ್ಷರಗಳು’ ಎಂಬ ಸಂಕೇತ ಲೈನಿನಲ್ಲಿ ಕೆಟ್ಟರೆ ಟಿ, ಓ, ಪಿ ಎಂದು ಕಳಿಸಿದ್ದು 590 ಎಂದು ಅಚ್ಚಾಗುತ್ತಿತ್ತು. ಬೇರೆ ಲಿಪಿಗಳಿಗೆ ಅಲ್ಲಿ ಜಾಗವೇ ಇರಲಿಲ್ಲ.

ಎಸ್‌ಎಂಎಸ್‌ನಲ್ಲೂ ಹೀಗೆಯೇ ಲೆಕ್ಕ. ಒಂದು ಸಂದೇಶಕ್ಕೆ 140 ಬೈಟ್, ಎಂದರೆ 1,120 ಬಿಟ್; ಬಿಟ್ ಎಂದರೆ ಮೇಲೆ ಹೇಳಿದಂಥ ಒಂದು ‘ಇದೆ–ಇಲ್ಲ’ ಸಂಕೇತ. ಇಂಗ್ಲಿಷಿಗೆ ಅಕ್ಷರಕ್ಕೆ 7 ಬಿಟ್, ಹಾಗಾಗಿ 160. ಕನ್ನಡಕ್ಕೆ ಸಾಮಾನ್ಯವಾಗಿ ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಕೊಡುವ ಯೂನಿಕೋಡಿನ 16 ಬಿಟ್, ಹಾಗಾಗಿ 70. ಅದಕ್ಕಿಂತ ಉದ್ದವಾದರೆ ತುಂಡುಗಳನ್ನು ಜೋಡಿಸುವ ಮಾಹಿತಿಗೆ 6 ಬೈಟ್ ಹೋಗಿ ಪ್ರತಿ ತುಂಡಿಗೆ 67 ಮಾತ್ರ ಉಳಿಯುತ್ತದೆ.

ಇಲ್ಲಿ ಎಣಿಸಬೇಕಾದ್ದು ಕಣ್ಣಿಗೆ ಕಾಣುವ ಅಕ್ಷರವಲ್ಲ. ಗುಣಿತ ಚಿಹ್ನೆಗೆ ಒಂದು, ಒತ್ತಕ್ಷರದ ನಡುವೆ ಅಡಗಿರುವ ವಿರಾಮಕ್ಕೂ (್) ಒಂದು. ‘ಹಾಸನ’ಕ್ಕೆ 4, ‘ಚಿಕ್ಕಮಗಳೂರು’ ಎಂಬುದಕ್ಕೆ 11. ‘ಹಾಲಿನ ಹಣ ಜಮಾ ಆಗಿದೆ’ ಎಂಬುದು ಖಾಲಿ ಜಾಗ ಸೇರಿ 18. ಆದ್ದರಿಂದ ವಂದನೆ, ಅಲಂಕಾರ ಬಿಟ್ಟು ದಿನಾಂಕ, ಲೀಟರ್, ಮೊತ್ತ ಇಷ್ಟನ್ನೇ ಬರೆದರೆ 70ರೊಳಗೆ ಕೂರುತ್ತದೆ. ಇಂಗ್ಲಿಷ್ ಸಂದೇಶ ಕಳಿಸುವಾಗಲೂ ಒಂದು ಎಚ್ಚರ: ಅದರಲ್ಲಿ ₹ ಚಿಹ್ನೆ ಒಂದೇ ಒಂದು ಸೇರಿದರೂ ಇಡೀ ಸಂದೇಶ 16 ಬಿಟ್‌ಗೆ ತಿರುಗಿ ಮಿತಿ 160ರಿಂದ 70ಕ್ಕೆ ಇಳಿಯುತ್ತದೆ. ಅಲ್ಲಿ ಚಿಹ್ನೆಯ ಬದಲು ಇಂಗ್ಲಿಷ್ ಅಕ್ಷರಗಳಲ್ಲೇ ‘ಆರ್‌ಎಸ್’ ಎಂದು ಹಾಕಿ.